ವಿದೇಶಿ ಶಾಲೆಯಲ್ಲಿ ಇಂಗ್ಲಿಷ್ ಸಹಾಯಕರಾಗಿ ಸ್ವಯಂಸೇವೆ: ಕೆಲಸಕ್ಕೆ ಮೆಚ್ಚುಗೆ, ಕಳುಹಿಸಿದ ಏಜೆನ್ಸಿಗೆ ಕೆಲವು ಪ್ರಶ್ನೆಗಳು

ವಿದೇಶದ ಸರ್ಕಾರಿ ಶಾಲೆಯೊಂದರಲ್ಲಿ ಒಂದು ಶೈಕ್ಷಣಿಕ ಅವಧಿಯ ಉದ್ದಕ್ಕೂ ಇಂಗ್ಲಿಷ್ ಭಾಷಾ ಸಹಾಯಕಿಯಾಗಿ ಸ್ವಯಂಸೇವೆ ಮಾಡಿದ್ದೇನೆ. ಶುಲ್ಕ ಪಡೆದು ಸ್ವಯಂಸೇವಕರನ್ನು ಹೊರದೇಶಗಳ ಶಾಲೆಗಳಿಗೆ ಕಳುಹಿಸಿಕೊಡುವ ಖಾಸಗಿ ಏಜೆನ್ಸಿಯೊಂದರ ಮೂಲಕ ಅಲ್ಲಿಗೆ ಹೋಗಿದ್ದೆ. ಹೀಗೆ ಹೋಗಲು ಯೋಚಿಸುತ್ತಿರುವವರು ಸಾಮಾನ್ಯವಾಗಿ ದೇಶ ಯಾವುದು, ವಸತಿ ಹೇಗಿದೆ, ಖರ್ಚೆಷ್ಟು ಎಂದು ವಿಚಾರಿಸುತ್ತಾರೆ; ಏಜೆನ್ಸಿಗಳ ಕೈಪಿಡಿಗಳೂ ಈ ಪ್ರಶ್ನೆಗಳಿಗೇ ಉತ್ತರ ಕೊಡುತ್ತವೆ. ನಾನು ಕಂಡುಕೊಂಡ ಮಟ್ಟಿಗೆ ಈ ಸೇವೆಯ ಗುಣಮಟ್ಟ ಇವುಗಳನ್ನು ಅವಲಂಬಿಸಿಲ್ಲ. ಸಹಾಯಕರು ತರಗತಿಯಲ್ಲಿರುವಾಗ ಆ ತರಗತಿಯ ಶಿಕ್ಷಕರೂ ಅಲ್ಲೇ ಇರುತ್ತಾರೆಯೇ, ಆ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಇಬ್ಬರೂ ಮುಂಚಿತವಾಗಿ ಕೂತು ಮಾತನಾಡಿಕೊಂಡಿರುತ್ತಾರೆಯೇ ಎಂಬುದೇ ಉಳಿದೆಲ್ಲವನ್ನೂ ತೀರ್ಮಾನಿಸುತ್ತದೆ. ಒಂದೇ ಶಾಲೆಯಲ್ಲಿ ಇದರ ಎರಡೂ ಬಗೆಗಳನ್ನು ನೋಡಿರುವುದರಿಂದ ಈ ಮಾತನ್ನು ಖಚಿತವಾಗಿ ಬರೆಯುತ್ತಿದ್ದೇನೆ.

ಹೊರದೇಶದವರನ್ನು ಶಾಲೆಗೆ ಕರೆಸಿಕೊಂಡು ಅವರ ಮೂಲಕ ಮಕ್ಕಳಿಗೆ ಮಾತಿನ ಅಭ್ಯಾಸ ಮಾಡಿಸುವ ಪದ್ಧತಿ ಹಳೆಯದು. ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಇಂಥ ಸಹಾಯಕರ ವಿನಿಮಯ 1905ರಷ್ಟು ಹಿಂದೆಯೇ ಆರಂಭವಾಗಿತ್ತು. ಫ್ರಾನ್ಸಿನ ಯೋಜನೆಯಲ್ಲಿ ಸಹಾಯಕರು ಸಾಮಾನ್ಯವಾಗಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ವಾರಕ್ಕೆ 12 ಗಂಟೆಗಳ ಕಾಲ ಶಾಲೆಯಲ್ಲಿರುತ್ತಾರೆ. ಜಪಾನಿನ ಜೆಟ್ ಯೋಜನೆ 1987ರಲ್ಲಿ ಶುರುವಾಯಿತು; ಅದರಡಿ ಹೋಗುವವರಲ್ಲಿ ಬಹುಪಾಲು ಜನರನ್ನು ಸಹಾಯಕ ಭಾಷಾ ಶಿಕ್ಷಕರೆಂದೇ ಕರೆಯಲಾಗುತ್ತದೆ ಮತ್ತು ಜಪಾನಿ ಶಿಕ್ಷಕರ ಜೊತೆಗೂಡಿ ಪಾಠ ಮಾಡುವುದು ಅವರ ಕೆಲಸದ ತಿರುಳು. ದಕ್ಷಿಣ ಕೊರಿಯಾದ ಎಪಿಕ್ ಎಂಬ ಇಂಥದೇ ಯೋಜನೆ 1995ರದು. ಇವೆಲ್ಲ ಸರ್ಕಾರಗಳು ನಡೆಸುವ, ಸಂಬಳವನ್ನೋ ಗೌರವಧನವನ್ನೋ ಕೊಡುವ ಯೋಜನೆಗಳು. ಸೇವಾಮನೋಭಾವವನ್ನೇ ಮುಂದಿಟ್ಟುಕೊಂಡು ಬೆಳೆದ ಸಂಸ್ಥೆಗಳ ಸಾಲು ಬೇರೆಯೇ ಇದೆ: ಬ್ರಿಟನ್ನಿನ ವಿಎಸ್‌ಒ 1958ರಲ್ಲಿ, ಅಮೆರಿಕದ ಪೀಸ್ ಕೋರ್ 1961ರಲ್ಲಿ ಹುಟ್ಟಿಕೊಂಡವು. ಪೀಸ್ ಕೋರ್‌ನ ಸ್ವಯಂಸೇವಕರು ಸುಮಾರು ಮೂರು ತಿಂಗಳು ತರಬೇತಿ ಪಡೆದು, ಬಳಿಕ ಎರಡು ವರ್ಷ ನಿಯೋಜಿತ ಸ್ಥಳದಲ್ಲೇ ನೆಲೆಸುತ್ತಾರೆ. ತರಬೇತಿಗೂ ವಾಸ್ತವ್ಯಕ್ಕೂ ಅವರು ಕೊಡುವ ಈ ದೀರ್ಘ ಕಾಲವನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಖಾಸಗಿ ಏಜೆನ್ಸಿಗಳನ್ನು ಅಳೆಯುವಾಗ ಇದೇ ಸರಿಯಾದ ಅಳತೆಗೋಲು.

ಹಾಗಾದರೆ ಖಾಸಗಿ ಏಜೆನ್ಸಿಯ ಬಾಗಿಲಿಗೆ ಯಾರು ಹೋಗುತ್ತಾರೆ, ಏಕೆ ಹೋಗುತ್ತಾರೆ? ಸರ್ಕಾರಿ ಯೋಜನೆಗಳಿಗೆ ಪಾಸ್‌ಪೋರ್ಟಿನ, ಪದವಿಯ, ವಯಸ್ಸಿನ ಕಟ್ಟುಪಾಡುಗಳಿವೆ. ಎಪಿಕ್ ಇಂಗ್ಲಿಷ್ ಮಾತೃಭಾಷೆಯೆಂದು ತಾನು ಗುರುತಿಸಿದ ಏಳು ದೇಶಗಳ ನಾಗರಿಕರನ್ನೇ ಮುಖ್ಯವಾಗಿ ಆರಿಸಿಕೊಳ್ಳುತ್ತ ಬಂದಿದೆ. ಪೀಸ್ ಕೋರ್ ಅಮೆರಿಕದ ನಾಗರಿಕರಿಗೆ ಮಾತ್ರ. ಕೆಲವು ಯೋಜನೆಗಳಲ್ಲಿ ಅರ್ಜಿಯ ಕಾಲ ವರ್ಷಕ್ಕೊಮ್ಮೆ ಮಾತ್ರ ಬಂದು ಹೋಗುತ್ತದೆ, ಆಯ್ಕೆಯಾದ ಮೇಲೂ ಹೊರಡಲು ತಿಂಗಳುಗಟ್ಟಲೆ ಕಾಯಬೇಕು. ಖಾಸಗಿ ಏಜೆನ್ಸಿಗಳಾದರೋ ವರ್ಷವಿಡೀ ಅರ್ಜಿ ತೆಗೆದುಕೊಳ್ಳುತ್ತವೆ, ಬಹುತೇಕ ಯಾರನ್ನೂ ತಿರಸ್ಕರಿಸುವುದಿಲ್ಲ. ಅನುಕೂಲವಾಗಿ ಕಾಣುವ ಈ ಗುಣವೇ ಮೊದಲ ಎಚ್ಚರಿಕೆಯ ಗುರುತೂ ಹೌದು. ಮಕ್ಕಳ ಮುಂದೆ ನಿಲ್ಲಲು ಹೊರಟವರನ್ನು ಸರಿಯಾಗಿ ಸಂದರ್ಶಿಸದೆ ಒಪ್ಪಿಕೊಳ್ಳುವ ಸಂಸ್ಥೆಗೆ ಶಾಲೆಯ ಅಗತ್ಯಕ್ಕಿಂತ ಶುಲ್ಕ ಕಟ್ಟುವವರ ಅಗತ್ಯವೇ ದೊಡ್ಡದಾಗಿರುವ ಸಾಧ್ಯತೆ ಹೆಚ್ಚು. ನನ್ನ ಏಜೆನ್ಸಿ ದೂರವಾಣಿಯಲ್ಲಿ ಸಂದರ್ಶನವನ್ನೇನೋ ಮಾಡಿತು. ಆದರೆ ಕೇಳಿದ ಪ್ರಶ್ನೆಗಳು ನನ್ನ ಆರೋಗ್ಯ, ಊಟದ ಪಥ್ಯ ಮತ್ತು ಪ್ರಯಾಣದ ದಿನಾಂಕಗಳಿಗೆ ಸಂಬಂಧಿಸಿದ್ದವು.

ಶುಲ್ಕಕ್ಕೆ ಪ್ರತಿಯಾಗಿ ಸಿಕ್ಕಿದ್ದನ್ನು ನ್ಯಾಯವಾಗಿ ಹೇಳಬೇಕು. ವಿಮಾನ ನಿಲ್ದಾಣದಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಕರೆದೊಯ್ಯುವವರು ಬಂದಿದ್ದರು. ವಸತಿಗೆ ಗೊತ್ತುಮಾಡಿದ್ದ ಮನೆ ಸ್ವಚ್ಛವಾಗಿತ್ತು, ಸುರಕ್ಷಿತವಾಗಿತ್ತು, ಶಾಲೆಗೆ ನಡೆದುಹೋಗುವಷ್ಟು ಹತ್ತಿರವಿತ್ತು. ವಿಮೆಯ ಕಾಗದಗಳು ಕ್ರಮವಾಗಿದ್ದವು. ತುರ್ತು ಕರೆಗಳಿಗೆ ಕೊಟ್ಟ ಸಂಖ್ಯೆಗೆ ರಾತ್ರಿ ಕರೆ ಮಾಡಿದಾಗಲೂ ಉತ್ತರ ಬಂತು. ಮೊದಲ ಬಾರಿ ಒಬ್ಬರೇ ಪರದೇಶಕ್ಕೆ ಹೋಗುವವರಿಗೆ ಇವೆಲ್ಲ ಸಣ್ಣ ಸಂಗತಿಗಳಲ್ಲ. ಆದರೆ ನಾನು ಕಟ್ಟಿದ ಹಣದಲ್ಲಿ ಎಷ್ಟು ವಸತಿಗೆ, ಎಷ್ಟು ಕಚೇರಿಯ ಖರ್ಚಿಗೆ, ಎಷ್ಟು ಶಾಲೆಗೆ ಹೋಗುತ್ತದೆ ಎಂಬ ವಿವರ ಲಿಖಿತವಾಗಿ ಕೇಳಿದ ಮೇಲೂ ಸಿಗಲಿಲ್ಲ. ಶಾಲೆಗೆ ಏನೂ ಬರುವುದಿಲ್ಲವೆಂದು ಮುಖ್ಯೋಪಾಧ್ಯಾಯರು ಮಾತಿನ ನಡುವೆ ಹೇಳಿದರು. ಅದನ್ನು ದೂರಿನಂತೆ ಹೇಳಲಿಲ್ಲ, ನಾನು ಕೇಳಿದ್ದಕ್ಕೆ ಉತ್ತರವಾಗಿ ಹೇಳಿದರು. ಶಾಲೆಗೆ ಹಣ ಹೋಗಲೇಬೇಕೆಂಬ ವಾದ ನನ್ನದಲ್ಲ. ಹಣ ಹೋಗುವಲ್ಲಿ ಸ್ವಯಂಸೇವಕರನ್ನು ಬೇಡವೆನ್ನುವ ಸ್ವಾತಂತ್ರ್ಯ ಶಾಲೆಗೆ ಕಡಿಮೆಯಾಗುವ ಅಪಾಯವೂ ಇದೆ. ಲೆಕ್ಕವನ್ನು ಬಿಚ್ಚಿ ತೋರಿಸುವುದು ಮಾತ್ರ ಏಜೆನ್ಸಿಯ ಕರ್ತವ್ಯ.

ಕಾಗದಪತ್ರಗಳ ವಿಷಯದಲ್ಲಿ ಈ ಏಜೆನ್ಸಿಗೆ ಒಳ್ಳೆಯ ಅಂಕ ಕೊಡುತ್ತೇನೆ. ಪ್ರವಾಸಿ ವೀಸಾದಲ್ಲಿ ಬಂದು ಶಾಲೆಯಲ್ಲಿ ಕೆಲಸ ಮಾಡಿದರೆ ನಡೆಯುತ್ತದೆ, ಸಂಬಳವಿಲ್ಲದ ಮೇಲೆ ಅದು ಕೆಲಸವೇ ಅಲ್ಲ ಎಂದು ಹೇಳುವವರು ಈ ಕ್ಷೇತ್ರದಲ್ಲಿ ಬಹಳ ಮಂದಿ ಇದ್ದಾರೆ. ಅನೇಕ ದೇಶಗಳ ಕಾನೂನು ಹಾಗೆ ನೋಡುವುದಿಲ್ಲ. ಬ್ರಿಟನ್ನಿನಲ್ಲಿ, ಉದಾಹರಣೆಗೆ, ಸಾಮಾನ್ಯ ಸಂದರ್ಶಕ ವೀಸಾದಲ್ಲಿ ಬಂದವರು ನೋಂದಾಯಿತ ದತ್ತಿ ಸಂಸ್ಥೆಯೊಂದಕ್ಕೆ ಹೆಚ್ಚೆಂದರೆ ಒಟ್ಟು 30 ದಿನ ಸ್ವಯಂಸೇವೆ ಮಾಡಬಹುದು, ಅದೂ ಅವರ ಭೇಟಿಯ ಮುಖ್ಯ ಉದ್ದೇಶವಾಗಿರಕೂಡದು. ಸ್ಪೇನಿನಲ್ಲಿ 2015ರ ಕಾನೂನಿನಂತೆ, ಮಕ್ಕಳೊಂದಿಗೆ ನಿಯತವಾಗಿ ಒಡನಾಡುವ ಕೆಲಸ ಅಥವಾ ಸ್ವಯಂಸೇವೆ ಮಾಡುವವರು ತಮ್ಮ ಮೇಲೆ ಲೈಂಗಿಕ ಅಪರಾಧದ ದಾಖಲೆಯಿಲ್ಲವೆಂಬ ಪ್ರಮಾಣಪತ್ರ ಒದಗಿಸಬೇಕು. ನನ್ನ ಏಜೆನ್ಸಿ ತಕ್ಕ ವೀಸಾ ಇಲ್ಲದೆ ಹೊರಡಬಾರದೆಂದು ಮೊದಲೇ ತಿಳಿಸಿತ್ತು, ಪೊಲೀಸ್ ದೃಢೀಕರಣ ಪತ್ರ ಕೇಳಿತ್ತು, ಆ ಪತ್ರಕ್ಕೆ 1961ರ ಹೇಗ್ ಒಪ್ಪಂದದಂತೆ, ಹೊರದೇಶದಲ್ಲಿ ಅದು ಮಾನ್ಯವಾಗಲು ಬೇಕಾದ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆ ಹಾಕಿಸಬೇಕೆಂಬುದನ್ನೂ ಮುಂಚೆಯೇ ವಿವರಿಸಿತ್ತು. ಈ ಪತ್ರವನ್ನು ಕೇಳದೆ ಮಕ್ಕಳ ಶಾಲೆಗೆ ಕಳುಹಿಸುವ ಸಂಸ್ಥೆ ಯಾವುದೇ ಇರಲಿ, ಅದರ ಜೊತೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ತರಬೇತಿಯ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಹೊರಡುವ ಮೊದಲು ನಡೆದ ಆನ್‌ಲೈನ್ ಸಭೆಗಳಲ್ಲಿ ಉಡುಪು, ಸಭ್ಯತೆ, ವೈಯಕ್ತಿಕ ಸುರಕ್ಷತೆ ಇವುಗಳ ಕುರಿತು ವಿಸ್ತಾರವಾಗಿ ತಿಳಿಸಿದರು. ತರಗತಿಯ ಒಳಗೆ ಕಾಲಿಟ್ಟ ಮೇಲೆ ಮಾಡುವುದೇನೆಂಬುದಕ್ಕೆ ಮಾತ್ರ ಆಟಗಳ ಒಂದು ಪಟ್ಟಿಯನ್ನು ಕೊಟ್ಟು ಸುಮ್ಮನಾದರು. ಇಂಗ್ಲಿಷ್ ಬೋಧನೆಯ 120 ಗಂಟೆಗಳ ಆನ್‌ಲೈನ್ ಪ್ರಮಾಣಪತ್ರವನ್ನು ಹೆಚ್ಚುವರಿ ಹಣಕ್ಕೆ ಸೇರಿಸಿಕೊಳ್ಳಬಹುದೆಂಬ ಸೂಚನೆಯೂ ಇತ್ತು. ಇಂಥ ಪ್ರಮಾಣಪತ್ರಗಳು ಪೂರಾ ವ್ಯರ್ಥವೆನ್ನಲಾಗದು, ವ್ಯಾಕರಣದ ಪರಿಭಾಷೆಯಾದರೂ ಅವುಗಳಿಂದ ತಿಳಿಯುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ಕೋರ್ಸುಗಳಲ್ಲಿ ಒಬ್ಬ ವಿದ್ಯಾರ್ಥಿಯ ಮುಖವನ್ನೂ ನೋಡದೆ ಗಂಟೆಗಳು ಮುಗಿದುಹೋಗುತ್ತವೆ. ಕೇಂಬ್ರಿಜ್‌ನ ಸೆಲ್ಟಾ ಕೋರ್ಸಿನಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಆರು ಗಂಟೆ ಪಾಠ ಮಾಡಲೇಬೇಕು, ತರಬೇತುದಾರರು ಹಿಂದೆ ಕುಳಿತು ಅದನ್ನು ಪರಿಶೀಲಿಸಿ ತಿದ್ದುತ್ತಾರೆ. ಅದು ವಯಸ್ಕರಿಗೆ ಕಲಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಕೋರ್ಸು ನಿಜ, ಆದರೂ ಆ ಆರು ಗಂಟೆಗಳ ಬೆಲೆ ದೊಡ್ಡದು. ಅಷ್ಟು ಖರ್ಚು ಮಾಡಲಾಗದವರು ತಮ್ಮ ನೆರೆಯ ಶಾಲೆಯೊಂದರಲ್ಲಿ ಅನುಮತಿ ಪಡೆದು ಕೆಲವು ವಾರ ಇಂಗ್ಲಿಷ್ ಅವಧಿಗಳನ್ನು ಹಿಂದಿನ ಬೆಂಚಿನಲ್ಲಿ ಕೂತು ಗಮನಿಸಿದರೂ ಸಾಕು, ಆಟಗಳ ಪಟ್ಟಿಗಿಂತ ಹೆಚ್ಚು ಕಲಿಯುತ್ತಾರೆ.

ಇನ್ನು ತರಗತಿಯ ವಿಷಯ. ನನ್ನನ್ನು ಇಬ್ಬರು ಶಿಕ್ಷಕರಿಗೆ ಹಂಚಿಕೊಡಲಾಗಿತ್ತು. ಅವರಲ್ಲಿ ಹಿರಿಯರಾದ ಶಿಕ್ಷಕಿ ಪ್ರತಿ ವಾರದ ಕೊನೆಯಲ್ಲಿ ಬಿಡುವಿನ ಒಂದು ಪೀರಿಯಡ್ಡನ್ನು ನನಗೆಂದೇ ತೆಗೆದಿಡುತ್ತಿದ್ದರು. ಮುಂದಿನ ವಾರದ ಪಾಠ ಯಾವುದು, ಅದರಲ್ಲಿ ಮಕ್ಕಳು ಎಡವುವ ಜಾಗ ಯಾವುದು, ಯಾವ ಮಗುವನ್ನು ಎಲ್ಲರೆದುರು ಮೊದಲು ಮಾತನಾಡಿಸಬಾರದು, ಯಾರನ್ನು ಯಾರ ಪಕ್ಕ ಕೂರಿಸಿದರೆ ಇಬ್ಬರೂ ಬಾಯಿ ಬಿಡುತ್ತಾರೆ ಎಂಬುದನ್ನೆಲ್ಲ ಆ ಹೊತ್ತಿನಲ್ಲಿ ತಿಳಿಸುತ್ತಿದ್ದರು. ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಅವರೊಂದಿಗೆ ಬರವಣಿಗೆಯಲ್ಲಿ ತೊಡಗಿದ್ದರೆ ಉಳಿದರ್ಧ ಮಕ್ಕಳು ಕೊಠಡಿಯ ಹಿಂಭಾಗದಲ್ಲಿ ನನ್ನ ಸುತ್ತ ಕೂರುತ್ತಿದ್ದರು. ಪೀರಿಯಡ್ಡಿನ ನಡುವೆ ಗುಂಪುಗಳು ಅದಲುಬದಲಾಗುತ್ತಿದ್ದವು. ನಾನು ಮಕ್ಕಳಿಂದ ಬಾಯಲ್ಲಿ ಆಡಿಸಿದ ವಾಕ್ಯಗಳನ್ನೇ ಅವರು ಮರುದಿನ ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದರು. ಹೀಗಾಗಿ ನನ್ನ ಮೂಲೆಯಲ್ಲಿ ನಡೆಯುವುದು ಆಟವೆಂದೂ ಅವರ ಕಡೆ ನಡೆಯುವುದು ಪಾಠವೆಂದೂ ಮಕ್ಕಳ ಮನಸ್ಸಿನಲ್ಲಿ ಎರಡು ಭಾಗಗಳಾಗಲಿಲ್ಲ.

ಅಲ್ಲಿ ಹೆಚ್ಚು ಫಲ ಕೊಟ್ಟ ಚಟುವಟಿಕೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದೇ ಕೋಣೆಯ ಎರಡು ಚಿತ್ರಗಳು; ಒಂದರಲ್ಲಿ ಬೆಕ್ಕು ಕುರ್ಚಿಯ ಕೆಳಗಿದ್ದರೆ ಇನ್ನೊಂದರಲ್ಲಿ ಕುರ್ಚಿಯ ಮೇಲಿದೆ, ಒಂದರಲ್ಲಿ ಕಿಟಕಿ ತೆರೆದಿದ್ದರೆ ಇನ್ನೊಂದರಲ್ಲಿ ಮುಚ್ಚಿದೆ, ಗಡಿಯಾರದ ಮುಳ್ಳುಗಳು ಬೇರೆ ಬೇರೆ ಹೊತ್ತು ತೋರಿಸುತ್ತಿವೆ. ಇಬ್ಬರು ಮಕ್ಕಳು ಎದುರುಬದುರಾಗಿ ಕೂತು, ನಡುವೆ ಪುಸ್ತಕವೊಂದನ್ನು ಅಡ್ಡವಿಟ್ಟು, ತಮ್ಮ ಚಿತ್ರವನ್ನು ತೋರಿಸದೆ ಕೇಳಿ ಕೇಳಿಯೇ ವ್ಯತ್ಯಾಸಗಳನ್ನು ಪತ್ತೆ ಮಾಡಬೇಕು. ಭಾಷಾ ಬೋಧನೆಯಲ್ಲಿ ಇದು ಬಹಳ ಕಾಲದಿಂದ ಬಳಕೆಯಲ್ಲಿರುವ ವಿಧಾನ; ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದರಿಂದ ಮಾತಿಗೆ ನಿಜವಾದ ಕಾರಣ ಹುಟ್ಟುತ್ತದೆ. ಎಲ್ಲರ ಕಣ್ಣೆದುರೇ ಇರುವ ಪೆನ್ನನ್ನು ಎತ್ತಿಹಿಡಿದು ಇದೇನೆಂದು ಕೇಳಿದರೆ ಉತ್ತರಿಸಲು ಮಗುವಿಗೆ ಯಾವ ತುರ್ತೂ ಇರುವುದಿಲ್ಲ. ಚಿತ್ರದ ಆಟದಲ್ಲಾದರೆ ಕೇಳದೆ ಗತ್ಯಂತರವಿಲ್ಲ. ಮೊದಲ ಸಲ ಮಕ್ಕಳು ಒಂದೊಂದು ಪದ ಎಸೆದು ಕೈಸನ್ನೆಯಲ್ಲಿ ಮುಗಿಸಿಬಿಟ್ಟರು. ಶಿಕ್ಷಕಿ ದೂರದಿಂದಲೇ ಅದನ್ನು ಗಮನಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆಡಬೇಕೆಂದು ಅವರದೇ ಭಾಷೆಯಲ್ಲಿ ನಿಯಮ ಹಾಕಿದರು. ಆಮೇಲೆ ಮೇಲೆ, ಕೆಳಗೆ, ಪಕ್ಕ, ಹಿಂದೆ ಎಂಬುದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲೇಬೇಕಾಯಿತು. ಆ ಒಂದು ನಿಯಮ ನನಗೆ ಹೊಳೆಯುವಂಥದ್ದಾಗಿರಲಿಲ್ಲ. ಆ ಮಕ್ಕಳನ್ನು ವರ್ಷಗಳಿಂದ ಬಲ್ಲವರಿಗೆ ಮಾತ್ರ ಹೊಳೆಯುವಂಥದ್ದು.

ಅದೇ ಶಿಕ್ಷಕಿಯಿಂದ ಕಲಿತ ಇನ್ನೊಂದು ವಿಷಯವೆಂದರೆ ಪ್ರಶ್ನೆ ಕೇಳಿದ ಮೇಲೆ ಕಾಯುವುದು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾದು ಮುಂದೆ ಹೋಗುತ್ತಾರೆಂದೂ, ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವ ಮಕ್ಕಳ ಸಂಖ್ಯೆಯೂ ಹೆಚ್ಚುತ್ತದೆಂದೂ ತೋರಿಸಿದ್ದರು. ಅವು ವಿಜ್ಞಾನದ ತರಗತಿಗಳಲ್ಲಿ, ಮಕ್ಕಳು ತಮಗೆ ಗೊತ್ತಿರುವ ಭಾಷೆಯಲ್ಲೇ ಉತ್ತರಿಸುತ್ತಿದ್ದಾಗ ಕಂಡುಬಂದ ಸಂಗತಿಗಳು. ಪರಭಾಷೆಯಲ್ಲಿ ಉತ್ತರ ಕಟ್ಟುವ ಮಗುವಿಗೆ ಅದಕ್ಕಿಂತಲೂ ಹೆಚ್ಚು ಹೊತ್ತು ಬೇಕೆಂಬುದನ್ನು ಆ ಕೊಠಡಿಯಲ್ಲಿ ಕಣ್ಣಾರೆ ಕಂಡೆ. ಒಬ್ಬ ಹುಡುಗ ಪ್ರಶ್ನೆ ಕೇಳಿದೊಡನೆ ತಲೆ ತಗ್ಗಿಸಿಬಿಡುತ್ತಿದ್ದ, ಬೆರಳಿನಿಂದ ಡೆಸ್ಕಿನ ಅಂಚನ್ನು ಉಜ್ಜುತ್ತ ತುಟಿಯನ್ನು ಸದ್ದಿಲ್ಲದೆ ಆಡಿಸುತ್ತಿದ್ದ. ಹೊಸಬರಿಗೆ ಅದು ಉತ್ತರ ಗೊತ್ತಿಲ್ಲದ ಲಕ್ಷಣವಾಗಿ ಕಾಣುತ್ತದೆ. ಅವನು ವಾಕ್ಯವನ್ನು ಒಳಗೊಳಗೇ ಒಮ್ಮೆ ಆಡಿ ನೋಡಿಕೊಳ್ಳುತ್ತಾನೆಂದೂ, ಆಗ ಯಾರೂ ನಡುವೆ ಬಾಯಿ ಹಾಕಬಾರದೆಂದೂ ಶಿಕ್ಷಕಿ ಮೊದಲ ವಾರದಲ್ಲೇ ತಿಳಿಸಿದ್ದರಿಂದ ನಾನು ಕಾಯುತ್ತಿದ್ದೆ. ಅವನು ಕೊನೆಗೆ ತಲೆಯೆತ್ತಿ ಹೇಳುತ್ತಿದ್ದುದು ಅರ್ಧಂಬರ್ಧ ಪದಗಳನ್ನಲ್ಲ, ಇಡೀ ವಾಕ್ಯವನ್ನು.

ಎರಡನೆಯ ಶಿಕ್ಷಕರ ತರಗತಿಗಳಲ್ಲಿ ನಡೆದುದೇ ಬೇರೆ. ನಾನು ಒಳಗೆ ಬಂದ ಕೂಡಲೇ ಅವರು ಹಾಜರಿ ಪುಸ್ತಕ ಎತ್ತಿಕೊಂಡು ಹೊರಡುತ್ತಿದ್ದರು. ಅವರನ್ನು ಸೋಮಾರಿಯೆಂದು ಕರೆಯುವುದು ಅನ್ಯಾಯವಾದೀತು. ಕಚೇರಿಯ ವರದಿಗಳು, ಗೈರುಹಾಜರಾದ ಸಹೋದ್ಯೋಗಿಯ ತರಗತಿ, ಪರೀಕ್ಷೆಯ ಪತ್ರಿಕೆಗಳು ಅವರ ತಲೆಯ ಮೇಲಿದ್ದವು, ಸಹಾಯಕಿ ಬಂದ ಪೀರಿಯಡ್ಡೇ ಅವರಿಗೆ ಸಿಗುತ್ತಿದ್ದ ಏಕೈಕ ಬಿಡುವು. ಸ್ವಯಂಸೇವಕರೆಂದರೆ ಪೂರ್ಣ ಶಿಕ್ಷಕರೆಂದು ಏಜೆನ್ಸಿಯೇ ಅವರಿಗೆ ಅರ್ಥವಾಗುವಂತೆ ಮಾಡಿತ್ತೆಂದು ನನಗನ್ನಿಸುತ್ತದೆ. ಫಲಿತಾಂಶ ಮಾತ್ರ ಮಕ್ಕಳಿಗೆ ಒಳ್ಳೆಯದಾಗಲಿಲ್ಲ. ಮುಂದಿನ ಸಾಲಿನ ಕೆಲವರು ಎಲ್ಲಕ್ಕೂ ಉತ್ತರಿಸುತ್ತಿದ್ದರು, ನಡುವಿನವರು ಅವರ ಮಾತನ್ನೇ ಪುನರುಚ್ಚರಿಸುತ್ತಿದ್ದರು, ಹಿಂದಿನವರು ತಮ್ಮ ಪಾಡಿಗೆ ತಾವಿದ್ದರು. ಜಗಳವಾದರೆ ಬಿಡಿಸಲು ಬೇಕಾದ ಭಾಷೆ ನನ್ನಲ್ಲಿರಲಿಲ್ಲ. ಒಬ್ಬಳು ಅಳುತ್ತಿದ್ದರೆ ಕಾರಣ ಕೇಳಿ ತಿಳಿಯುವ ಶಕ್ತಿಯೂ ಇರಲಿಲ್ಲ. ಮಗುವಿಗೆ ಪೆಟ್ಟಾದರೆ ಕಾನೂನಿನ ಮುಂದೆ ಹೊಣೆ ಯಾರದ್ದೆಂಬ ಪ್ರಶ್ನೆಗೆ ಏಜೆನ್ಸಿಯ ಒಪ್ಪಂದದಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿದ ಬಳಿಕ ಆ ಶಿಕ್ಷಕರು ಪೀರಿಯಡ್ಡಿನ ಮೊದಲರ್ಧ ಉಳಿಯತೊಡಗಿದರು, ಆ ಅರ್ಧದಲ್ಲಿ ನಡೆದ ಕೆಲಸ ಹಿಂದಿನ ಇಡೀ ಪೀರಿಯಡ್ಡುಗಳಿಗಿಂತ ಹೆಚ್ಚಾಯಿತು. ಅದೇ ನಾನು, ಅದೇ ಚಿತ್ರಗಳು, ಹೆಚ್ಚುಕಡಿಮೆ ಅದೇ ವಯಸ್ಸಿನ ಮಕ್ಕಳು. ಬದಲಾಗಿದ್ದು ಶಿಕ್ಷಕರ ಇರುವಿಕೆಯೊಂದೇ.

ಉಚ್ಚಾರಣೆಯ ಪ್ರಶ್ನೆಯನ್ನು ನಮ್ಮಂಥವರು ತಪ್ಪಿಸಿಕೊಳ್ಳಲಾಗದು. ಏಜೆನ್ಸಿಯ ಪ್ರಚಾರದಲ್ಲಿ ಇಂಗ್ಲಿಷ್ ಮಾತೃಭಾಷೆಯವರಿಗೆ ಆದ್ಯತೆ ಎಂಬ ಸಾಲಿತ್ತು, ಶಾಲೆಯಲ್ಲೂ ಆರಂಭದಲ್ಲಿ ಒಂದಿಬ್ಬರು ಪಾಲಕರು ಅದನ್ನು ಎತ್ತಿದರು. ಭಾರತ ಮೂಲದ ಭಾಷಾವಿಜ್ಞಾನಿ ಬ್ರಜ್ ಕಾಚ್ರು ಇಂಗ್ಲಿಷ್ ಬಳಸುವ ದೇಶಗಳನ್ನು ಮೂರು ವೃತ್ತಗಳಾಗಿ ವಿಂಗಡಿಸಿ, ಭಾರತದಂಥ ದೇಶಗಳ ಇಂಗ್ಲಿಷಿಗೆ ತನ್ನದೇ ನೆಲೆಯಿದೆಯೆಂದು ವಾದಿಸಿ ಸುಮಾರು ನಾಲ್ಕು ದಶಕಗಳಾಗಿವೆ. ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ವರೆಗೆ ಅಳೆಯುವ ಯೂರೋಪಿನ ಚೌಕಟ್ಟನ್ನು ಕೌನ್ಸಿಲ್ ಆಫ್ ಯೂರೋಪ್ 2001ರಲ್ಲಿ ಪ್ರಕಟಿಸಿತ್ತು. 2020ರ ಅದರ ಪೂರಕ ಸಂಪುಟದಲ್ಲಿ ಮಟ್ಟಗಳ ವಿವರಣೆಯಿಂದ ಮಾತೃಭಾಷಿಕರ ಉಲ್ಲೇಖಗಳನ್ನು ತೆಗೆದುಹಾಕಲಾಗಿದೆ. ಏಜೆನ್ಸಿಗಳ ಪ್ರಚಾರ ಮಾತ್ರ ಇನ್ನೂ ಹಳೆಯ ಜಾಗದಲ್ಲೇ ನಿಂತಿದೆ. ತರಗತಿಯ ಅನುಭವ ಹೇಳುವುದಾದರೆ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಪುಸ್ತಕ ಹಿಡಿದು ಕಲಿತವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಬೇಗ ಗೊತ್ತಾಗುತ್ತದೆ. ಆರ್ಟಿಕಲ್‌ಗಳು, ಪ್ರಶ್ನಾವಾಕ್ಯದಲ್ಲಿ ಬಂದು ಸೇರುವ ಸಹಾಯಕ ಕ್ರಿಯಾಪದಗಳು, ಭೂತಕಾಲದ ಅನಿಯತ ರೂಪಗಳು ನಮ್ಮನ್ನೂ ಒಂದು ಕಾಲದಲ್ಲಿ ಕಾಡಿದವೇ. ಅದೇ ವೇಳೆ ನಮ್ಮ ಮಾತಿನಲ್ಲಿ ಪದದ ಒತ್ತು ಬೀಳುವ ಜಾಗ ಕೆಲವೊಮ್ಮೆ ಪಠ್ಯದ ಧ್ವನಿಮುದ್ರಣಕ್ಕಿಂತ ಬೇರೆಯಾಗಿರುತ್ತದೆ ಎಂಬುದೂ ನಿಜ. ಆ ಧ್ವನಿಮುದ್ರಣವನ್ನು ಮಕ್ಕಳಿಗೆ ಕೇಳಿಸಿ, ನಾನು ಹೇಳುವ ಬಗೆ, ಅದು ಹೇಳುವ ಬಗೆ ಎರಡನ್ನೂ ಅವರ ಮುಂದಿಡುವುದು ಪ್ರಾಮಾಣಿಕ ದಾರಿ. ಪಾಲಕರ ಅನುಮಾನ ಕೆಲವೇ ವಾರಗಳಲ್ಲಿ ತಾನಾಗಿ ಕರಗಿತು.

ಪರೀಕ್ಷೆ ಈ ಕೆಲಸದ ದೊಡ್ಡ ತೊಡಕು. ಮಕ್ಕಳ ವಾರ್ಷಿಕ ಪರೀಕ್ಷೆ ಪೂರ್ತಿ ಲಿಖಿತ ರೂಪದ್ದಾಗಿರುವಲ್ಲಿ ಮಾತಿನ ಅಭ್ಯಾಸಕ್ಕೆ ಬಂದವರನ್ನು ಮೇಲಿನ ತರಗತಿಗಳ ವಿದ್ಯಾರ್ಥಿಗಳು ಬಿಡುವಿನ ಹೊತ್ತಿನ ಅತಿಥಿಯೆಂದು ನೋಡುತ್ತಾರೆ, ಅದು ಸಹಜವೂ ಹೌದು. ಕಿರಿಯ ತರಗತಿಗಳಲ್ಲಿ ಈ ಒತ್ತಡ ಕಡಿಮೆ. ಆದ್ದರಿಂದ ಆಯ್ಕೆಯಿದ್ದರೆ ಪ್ರಾಥಮಿಕ ತರಗತಿಗಳನ್ನೇ ಕೇಳಿ ಪಡೆಯಿರಿ. ಹಿರಿಯ ತರಗತಿ ಅನಿವಾರ್ಯವಾದರೆ ಪರೀಕ್ಷೆಯ ಪ್ರಬಂಧದ ವಿಷಯಗಳನ್ನೇ ಚರ್ಚೆಗೆ ತೆಗೆದುಕೊಳ್ಳುವಂತೆ ಶಿಕ್ಷಕರೊಂದಿಗೆ ಮಾತನಾಡಿಕೊಳ್ಳಿ.

ಆ ದೇಶದ ಭಾಷೆ ಬರಬೇಕೇ ಎಂಬ ಪ್ರಶ್ನೆಗೆ ಏಜೆನ್ಸಿ ಬೇಡವೆನ್ನುತ್ತದೆ, ಬರದಿದ್ದರೇ ಮಕ್ಕಳು ಇಂಗ್ಲಿಷ್ ಮಾತನಾಡುತ್ತಾರೆಂದು ಕಾರಣ ಕೊಡುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಹೊಟ್ಟೆನೋವು, ಹೆದರಿಕೆ, ಅವಮಾನ ಇವುಗಳನ್ನು ಮಗು ಹೇಳಿಕೊಳ್ಳುವುದು ತನ್ನ ಭಾಷೆಯಲ್ಲೇ. ಸೂಚನೆ ಕೊಡಲು, ಸಮಾಧಾನಪಡಿಸಲು, ಶಿಕ್ಷಕರ ಕೊಠಡಿಯಲ್ಲಿ ನಾಲ್ಕು ಮಾತಾಡಲು ಬೇಕಾದಷ್ಟನ್ನಾದರೂ ಹೊರಡುವ ಮೊದಲೇ ಕಲಿಯಬೇಕು. ಅದರಿಂದ ಇನ್ನೊಂದು ಲಾಭವೂ ಇದೆ: ಪರಭಾಷೆಯನ್ನು ತಪ್ಪು ತಪ್ಪಾಗಿ ಆಡುವ ದೊಡ್ಡವರೊಬ್ಬರನ್ನು ಕಂಡಾಗ ಮಕ್ಕಳು ತಮ್ಮ ತಪ್ಪುಗಳಿಗೆ ಅಷ್ಟಾಗಿ ನಾಚಿಕೊಳ್ಳುವುದಿಲ್ಲ.

ಅವಧಿಯ ವಿಷಯದಲ್ಲಿ ನನ್ನ ನಿಲುವು ಕಟುವಾದದ್ದು. ಎರಡು ವಾರಗಳ ಬೋಧನಾ ಸ್ವಯಂಸೇವೆಯನ್ನು ಮಾರುವುದನ್ನು ನಿಲ್ಲಿಸಬೇಕು. ನಾನು ಅಲ್ಲಿದ್ದಾಗ ಅದೇ ಏಜೆನ್ಸಿ ಇಂಥ ಕಿರು ಅವಧಿಯವರನ್ನೂ ಕಳುಹಿಸುತ್ತಿತ್ತು. ಪ್ರತಿಯೊಬ್ಬರೂ ಹೆಸರು ಹೇಳುವುದು, ಬಣ್ಣಗಳು, ಪ್ರಾಣಿಗಳು ಇವುಗಳಿಂದಲೇ ಆರಂಭಿಸುತ್ತಿದ್ದರು. ಮಕ್ಕಳಿಗೆ ಅದೆಲ್ಲ ಬಾಯಿಪಾಠವಾಗಿದ್ದರೂ ಹೊಸಬರಿಗೆ ಬೇಸರವಾಗದಿರಲೆಂದು ಉತ್ಸಾಹದಿಂದಲೇ ಹೇಳುತ್ತಿದ್ದರು. ಒಬ್ಬರ ಹೆಸರು ನಾಲಿಗೆಗೆ ಹತ್ತುವಷ್ಟರಲ್ಲಿ ಅವರು ಹೊರಟುಹೋಗುತ್ತಿದ್ದರು, ಬೀಳ್ಕೊಡುಗೆಗೆಂದು ಮತ್ತೊಂದು ದಿನದ ಪಾಠ ನಿಲ್ಲುತ್ತಿತ್ತು. ಪ್ರತಿ ಹೊಸಬರಿಗೂ ಶಾಲೆಯನ್ನು ಪರಿಚಯಿಸುವ ಹೊರೆ ಅದೇ ಹಿರಿಯ ಶಿಕ್ಷಕಿಯ ಮೇಲೆ ಬೀಳುತ್ತಿತ್ತು. ಒಂದು ಶೈಕ್ಷಣಿಕ ಅವಧಿಗಿಂತ ಕಡಿಮೆ ಕಾಲ ಇರಬಲ್ಲವರಿಗೆ ಮಕ್ಕಳ ಮುಂದೆ ನಿಲ್ಲದೆಯೂ ಮಾಡಬಹುದಾದ ಉಪಕಾರಗಳಿವೆ: ಗ್ರಂಥಾಲಯದ ಪುಸ್ತಕಗಳನ್ನು ಮಟ್ಟಕ್ಕೆ ತಕ್ಕಂತೆ ವಿಂಗಡಿಸುವುದು, ಪಾಠಗಳನ್ನು ಓದಿ ಧ್ವನಿಮುದ್ರಿಸಿ ಕೊಡುವುದು, ಬಯಸಿದರೆ ಶಿಕ್ಷಕರೊಂದಿಗೆ ಇಂಗ್ಲಿಷಿನಲ್ಲಿ ಸಂಭಾಷಿಸುವುದು. ಕೊನೆಯದರ ಫಲ ಸ್ವಯಂಸೇವಕರು ಹೋದ ಮೇಲೂ ಉಳಿಯುತ್ತದೆ.

ಸ್ವಯಂಸೇವಕರು ಬರುವುದರಿಂದ ಸ್ಥಳೀಯರೊಬ್ಬರ ಕೆಲಸ ತಪ್ಪುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಶಾಲೆಯನ್ನು ಕೇಳಬೇಕು. ಖಾಲಿಯಿರುವ ಶಿಕ್ಷಕರ ಹುದ್ದೆಯನ್ನು ವರ್ಷಗಟ್ಟಲೆ ಸ್ವಯಂಸೇವಕರಿಂದ ತುಂಬಿಸುತ್ತಿದ್ದರೆ ಅದು ಸಹಾಯವಾಗುವುದಿಲ್ಲ, ಆ ಹುದ್ದೆಗೆ ಅರ್ಹರಾದವರ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತದೆ. ನನ್ನ ಶಾಲೆಯಲ್ಲಿ ಹಾಗಿರಲಿಲ್ಲ. ಇಂಗ್ಲಿಷಿನ ಹುದ್ದೆಗಳೆರಡೂ ಭರ್ತಿಯಾಗಿದ್ದವು.

ಮಕ್ಕಳ ಫೋಟೋಗಳ ವಿಷಯದಲ್ಲಿ ಏಜೆನ್ಸಿಯ ನಡವಳಿಕೆ ನನಗೆ ಸರಿಕಾಣಲಿಲ್ಲ. ಪಾಲಕರ ಲಿಖಿತ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರ ತೆಗೆಯಬಾರದೆಂಬ ನಿಯಮ ಅವರ ಕೈಪಿಡಿಯಲ್ಲೇ ಇತ್ತು, ಆದರೆ ಅವರ ಪ್ರತಿನಿಧಿಯೇ ಸಾಮಾಜಿಕ ಜಾಲತಾಣದ ಪುಟಕ್ಕೆಂದು ತರಗತಿಯ ಚಿತ್ರಗಳನ್ನು ಕಳುಹಿಸುವಂತೆ ಕೇಳುತ್ತಿದ್ದರು. ಮುಖ್ಯೋಪಾಧ್ಯಾಯರು ಅದಕ್ಕೆ ಅನುಮತಿ ಕೊಡಲಿಲ್ಲ, ನಾನೂ ಕಳುಹಿಸಲಿಲ್ಲ.

ಶಾಲೆಯ ಹೊರಗಿನ ಬದುಕಿನ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಸಂಜೆಗಳಲ್ಲಿ ಒಂಟಿತನ ಕಾಡುತ್ತದೆ, ಗಂಟಲು ಮೊದಲ ವಾರಗಳಲ್ಲಿ ಕಟ್ಟುತ್ತದೆ, ತರಗತಿಯ ಒಂದು ಗಂಟೆಗೆ ಸಿದ್ಧತೆಗೆ ಕನಿಷ್ಠ ಅಷ್ಟೇ ಹೊತ್ತು ಬೇಕಾಗುತ್ತದೆ. ವಾರಕ್ಕೆ 12ರಿಂದ 15 ಗಂಟೆಗಳ ತರಗತಿಯೇ ಸಮರ್ಪಕವೆಂದು ನನಗೆ ತೋರುತ್ತದೆ. ಅದಕ್ಕಿಂತ ಹೆಚ್ಚಾದರೆ ಸಿದ್ಧತೆ ಕುಸಿದು ಆಟಗಳ ಪಟ್ಟಿಗೇ ಶರಣಾಗಬೇಕಾಗುತ್ತದೆ.

ಹಣ ಕಟ್ಟುವ ಮೊದಲು ಏಜೆನ್ಸಿಯಿಂದ ಬರಹದಲ್ಲಿ ಪಡೆಯಬೇಕಾದ ಉತ್ತರಗಳಲ್ಲಿ ಮೊದಲನೆಯದು ಶಾಲೆಯ ಹೆಸರು ಮತ್ತು ನಿಮ್ಮೊಂದಿಗೆ ತರಗತಿಯಲ್ಲಿರುವ ಶಿಕ್ಷಕರ ಪರಿಚಯ. ಹೊರಡುವ ಮೊದಲು ಆ ಶಿಕ್ಷಕರೊಂದಿಗೆ ಒಮ್ಮೆಯಾದರೂ ನೇರವಾಗಿ ಮಾತನಾಡಲು ಅವಕಾಶ ಕೊಡದ ಏಜೆನ್ಸಿಯನ್ನು ನಂಬಬೇಡಿ. ಸ್ವಯಂಸೇವಕರು ಬೇಕೆಂದು ಶಾಲೆಯೇ ಕೇಳಿಕೊಂಡಿದೆಯೇ, ನಿಮಗಿಂತ ಮೊದಲು ಅಲ್ಲಿ ಯಾರಿದ್ದರು, ಅವರು ಏನೇನು ಮಾಡಿ ಮುಗಿಸಿದ್ದಾರೆ, ನಿಮ್ಮ ಬಳಿಕ ಯಾರು ಬರುತ್ತಾರೆ ಎಂಬುದನ್ನೂ ಕೇಳಿ ತಿಳಿಯಿರಿ. ನನಗೆ ಹಿಂದಿನವರ ಒಂದು ಟಿಪ್ಪಣಿಯೂ ಸಿಗಲಿಲ್ಲ. ಆದ್ದರಿಂದ ಹೊರಡುವ ಮುನ್ನ ಯಾವ ತರಗತಿಯಲ್ಲಿ ಯಾವ ಚಟುವಟಿಕೆ ನಡೆಯಿತು, ಯಾವುದು ಫಲ ಕೊಟ್ಟಿತು, ಯಾವ ವಾಕ್ಯರಚನೆಗಳು ಮಕ್ಕಳ ಬಾಯಲ್ಲಿ ಸರಾಗವಾಗಿವೆ ಎಂಬುದನ್ನೆಲ್ಲ ಶಿಕ್ಷಕಿಯ ಜೊತೆ ಕೂತು ಬರೆದು, ಚಿತ್ರಗಳ ಕಟ್ಟಿನೊಂದಿಗೆ ಶಾಲೆಯ ಕಪಾಟಿನಲ್ಲಿಟ್ಟು ಬಂದೆ.

ಅವಧಿ ಮುಗಿದ ಮೇಲೆ ಏಜೆನ್ಸಿಯಿಂದ ಅಭಿಪ್ರಾಯ ಸಂಗ್ರಹದ ನಮೂನೆ ಬಂತು. ವಸತಿ, ಊಟ, ವಿಮಾನ ನಿಲ್ದಾಣದ ಸ್ವಾಗತ, ವಾರಾಂತ್ಯದ ಪ್ರವಾಸ ಇವುಗಳಿಗೆ ನಕ್ಷತ್ರಗಳನ್ನು ಕೊಡಬೇಕಿತ್ತು. ತರಗತಿಯ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ, ಶಾಲೆಯ ಶಿಕ್ಷಕರಿಗೆ ಅಂಥ ನಮೂನೆಯನ್ನೇ ಕಳುಹಿಸುವುದಿಲ್ಲವೆಂದು ವಿಚಾರಿಸಿದಾಗ ತಿಳಿಯಿತು. ಮೇಲೆ ಬರೆದ ಸಂಗತಿಗಳನ್ನೆಲ್ಲ ಪತ್ರದಲ್ಲಿ ವಿವರಿಸಿ, ತರಗತಿಯಲ್ಲಿ ಶಿಕ್ಷಕರು ಜೊತೆಗಿದ್ದರೇ ಎಂಬ ಪ್ರಶ್ನೆಯನ್ನು ನಮೂನೆಗೆ ಸೇರಿಸಬೇಕೆಂದೂ, ಶಿಕ್ಷಕರ ಅಭಿಪ್ರಾಯವನ್ನು ಅವರದೇ ಭಾಷೆಯಲ್ಲಿ ಪಡೆಯಬೇಕೆಂದೂ ಕೇಳಿಕೊಂಡಿದ್ದೇನೆ. ಮೊದಲನೆಯದನ್ನು ಸೇರಿಸುವುದಾಗಿ ಏಜೆನ್ಸಿ ಉತ್ತರ ಬರೆದಿದೆ. ಎರಡನೆಯದರ ಬಗ್ಗೆ ಅವರು ಇನ್ನೂ ಏನನ್ನೂ ತಿಳಿಸಿಲ್ಲ.